ಮಳೆಗಾಲದ ಮೌನ

2011ನೆಯ ಇಸವಿಯ ಆಷಾಢದಲ್ಲಿ, ದಾವಣಗೆರೆಯ ನಮ್ಮ ಮನೆಗೆ ಬಂದಿದ್ದ ಹಿರಿಯ ಬಂಧುಗಳೊಬ್ಬರು ಊರಿನಲ್ಲಿದ್ದ ನನ್ನ ತಾಯಿಯವರ ಯೋಗಕ್ಷೇಮವನ್ನು ವಿಚಾರಿಸಿದರು. ‘ಅಮ್ಮ ಈಗ ಬಹಳ ಶಾಂತರಾಗಿದ್ದಾರೆ. ಮಾತು ಕಡಿಮೆಯಾಗಿದೆ, ಒಪ್ಪೊತ್ತು ಊಟ ಮಾಡುತ್ತಾರೆ, ಯಾವುದರ ಮೇಲೂ ಆಸೆಯಿಲ್ಲ’ ಎಂದು ನಾನು ಉತ್ತರಿಸಿದೆ. ಹಾಗೆನ್ನುವಾಗ ನನ್ನ ಧ್ವನಿಯಲ್ಲಿ ಹೆಮ್ಮೆಯಿತ್ತು. ಬಂಧುಗಳು ಕೈಮುಗಿದು ‘ಪುಣ್ಯವಂತರು’ ಎಂದರು. ಆ ಹೆಮ್ಮೆಗಾಗಿ ನಾನು ಇಂದಿಗೂ ನಾಚುತ್ತೇನೆ. ನಾನು ಹೇಳಿದ ಮೂರು ಸಂಗತಿಗಳೂ ನಿಜವಾಗಿದ್ದವು. ಅವುಗಳಿಂದ ತೆಗೆದ ತೀರ್ಮಾನ ಮಾತ್ರ ಸುಳ್ಳಾಗಿತ್ತು.

ನಮ್ಮ ಊರು ಹೊಸನಗರ ತಾಲ್ಲೂಕಿನ ಒಂದು ಒಂಟಿಮನೆಯ ಹಳ್ಳಿ. ಅಲ್ಲಿಂದ ಬಹು ದೂರವಿಲ್ಲದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಒಳಗೆ ಕುಳಿತವರಿಗೆ ಆ ವ್ಯತ್ಯಾಸ ತಿಳಿಯುವಂತಿಲ್ಲ. ಮೃಗಶಿರದಲ್ಲಿ ಹಿಡಿದ ಮಳೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಗಳನ್ನು ದಾಟಿ ಮಖೆಯವರೆಗೆ, ಅಂದರೆ ಜೂನ್ ಮೊದಲ ವಾರದಿಂದ ಆಗಸ್ಟ್ ಕೊನೆಯವರೆಗೆ, ಹೆಚ್ಚುಕಡಿಮೆ ಬಿಡುವಿಲ್ಲದೆ ಸುರಿಯುತ್ತದೆ. ಮಳೆಗಾಲಕ್ಕೆ ಮೊದಲೇ ಜಗಲಿಯ ಸುತ್ತ ಅಡಿಕೆ ಸೋಗೆಯ ತಟ್ಟಿ ಕಟ್ಟುವುದು ನಮ್ಮ ಕಡೆಯ ವಾಡಿಕೆ. ಎರಚಲು ಗೋಡೆಗೆ ಬಡಿಯದಂತೆ ಅದು ಕಾಯುತ್ತದೆ. ಜೊತೆಗೆ ಹಗಲನ್ನೂ ಹೊರಗೇ ನಿಲ್ಲಿಸುತ್ತದೆ. ಅಂಗಳದ ತುಂಬ ಹಾವಸೆ ಕಟ್ಟುತ್ತದೆ. ನಡೆಯುವ ದಾರಿಗೆ ಅಡಿಕೆ ದಬ್ಬೆ ಹಾಸಿದರೂ ಎಂಬತ್ತರ ಹತ್ತಿರದವರು ಅದರ ಮೇಲೆ ಕಾಲಿಡಲು ಧೈರ್ಯ ಮಾಡಲಾರರು. ವಿದ್ಯುತ್ತು ಹೋದರೆ ಮೂರು ದಿನ, ನಾಲ್ಕು ದಿನ. ದೂರವಾಣಿಯ ತಂತಿಯ ಮೇಲೆ ಎಲ್ಲಿಯೋ ಒಂದು ಮರ ಬಿದ್ದಿರುತ್ತದೆ. ಮಳೆಗಾಲವನ್ನು ಕುರಿತು ಸೊಗಸಾಗಿ ಬರೆಯುವವರು ಬಹುಮಟ್ಟಿಗೆ ಮಳೆ ನಿಂತ ಮೇಲೆ ಬರೆಯುತ್ತಾರೆಂದು ನನಗೆ ಅನಿಸುವುದುಂಟು.

ತಾಯಿಯವರು ಸ್ವಭಾವತಃ ಮಾತಿನವರು. ಚೈತ್ರ ವೈಶಾಖಗಳಲ್ಲಿ ಅವರನ್ನು ನೋಡಬೇಕಿತ್ತು. ಮದುವೆಗೆ ಕರೆಯಲು ಬಂದವರು, ಹಪ್ಪಳ ಒತ್ತಲು ಬಂದ ನೆರೆಯ ಹೆಂಗಸರು, ರಜೆಗೆ ಬಂದ ಮೊಮ್ಮಕ್ಕಳು, ಹೀಗೆ ಜಗಲಿಯಲ್ಲಿ ಜನ ಇರುತ್ತಿತ್ತು. ಸೆಕೆಯನ್ನು ಬೈಯುತ್ತಲೇ ಅವರು ಬೆಳಗಿನಿಂದ ಸಂಜೆಯವರೆಗೆ ಓಡಾಡುತ್ತಿದ್ದರು. ಜೂನ್ ತಿಂಗಳು ಬಂದೊಡನೆ ಇದೆಲ್ಲ ಒಂದೇ ಏಟಿಗೆ ನಿಲ್ಲುತ್ತಿತ್ತು. ಮೊಮ್ಮಕ್ಕಳು ಶಾಲೆಗೆ ಮರಳುತ್ತಿದ್ದರು. ತಮ್ಮನೂ ಅವನ ಹೆಂಡತಿಯೂ ಸಸಿನಾಟಿ, ಅಡಿಕೆಯ ಕೊಳೆರೋಗ ಎಂದು ಬೆಳಗಿನಿಂದ ಹೊರಗೆ ಇರುತ್ತಿದ್ದರು. ತಾಯಿಯವರು ನಡುಮನೆಯ ಕಂಬಕ್ಕೆ ಒರಗಿ, ಕಂಬಳಿ ಹೊದ್ದು ಕುಳಿತುಬಿಡುತ್ತಿದ್ದರು. ಅವರಿಗೆ ಕಿವಿ ಮಂದವಾಗಿತ್ತು. ಶ್ರವಣಯಂತ್ರ ತಂದುಕೊಟ್ಟಿದ್ದೆವು. ಆದರೆ ಹೆಂಚಿನ ಮೇಲೆ ಬೀಳುವ ಮಳೆಯ ಸದ್ದನ್ನು ಆ ಯಂತ್ರ ಮಾತಿಗಿಂತ ಚೆನ್ನಾಗಿ ಹಿಡಿಯುತ್ತಿತ್ತು! ‘ಕಿವಿಯೊಳಗೇ ಮಳೆ ಹೊಯ್ದಂಗಾಗುತ್ತೆ’ ಎಂದು ಅದನ್ನು ತೆಗೆದು ಡಬ್ಬಿಯಲ್ಲಿ ಇಟ್ಟರು. ಆಮೇಲೆ ಅವರೊಡನೆ ಮಾತನಾಡಬೇಕಾದರೆ ಕೂಗಬೇಕಾಯಿತು. ಕೂಗಿ ಆಡುವ ಮಾತು ‘ಊಟಕ್ಕೆ ಬನ್ನಿ’, ‘ಮಾತ್ರೆ ತಗೊಳ್ಳಿ’ ಎಂಬಷ್ಟಕ್ಕೆ ಇಳಿಯುತ್ತದೆ. ಕೂಗಿಕೊಂಡು ಯಾರೂ ಸುಖದುಃಖ ಹೇಳಿಕೊಳ್ಳುವುದಿಲ್ಲ.

ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವುದು ಅವರ ಜೀವಮಾನದ ನಿಯಮ. ನಮ್ಮ ಕಡೆ ಜೂನ್ ತಿಂಗಳಿನಲ್ಲಿ ಸೂರ್ಯ ಮುಳುಗುವುದು ಸಂಜೆ ಏಳರ ಸುಮಾರಿಗೆ. ಆದರೆ ತಟ್ಟಿ ಕಟ್ಟಿದ ಮನೆಯಲ್ಲಿ, ಮೋಡ ಕವಿದ ದಿನ, ನಾಲ್ಕು ಗಂಟೆಗೇ ಮಬ್ಬು. ಅವರು ಗಡಿಯಾರವನ್ನು ನಂಬದೆ ಕಣ್ಣನ್ನು ನಂಬಿ ನಾಲ್ಕಕ್ಕೇ ಎಲೆಯ ಮುಂದೆ ಕುಳಿತು ಎರಡು ತುತ್ತು ಉಂಡು ಏಳುತ್ತಿದ್ದರು. ಸೊಪ್ಪುಗಳನ್ನು ಮಳೆಗಾಲದಲ್ಲಿ ಮೊದಲಿನಿಂದಲೂ ಬಿಡುತ್ತಿದ್ದರು. ಆ ವರ್ಷ ‘ಈ ಮಳೆಗಾಲ ಒಪ್ಪೊತ್ತೇ ಸಾಕು’ ಎಂದು ಸಂಜೆಯ ಆ ಎರಡು ತುತ್ತನ್ನೂ ನಿಲ್ಲಿಸಿದರು. ತಮ್ಮ ಇದನ್ನು ದೂರವಾಣಿಯಲ್ಲಿ ತಿಳಿಸಿದಾಗ ನಾನು ವ್ರತವೆಂದು ಭಾವಿಸಿದೆ. ವ್ರತವೇ ಎಂದು ನಾನಾಗಲಿ ಅವನಾಗಲಿ ಅವರನ್ನು ಕೇಳಲಿಲ್ಲ.

ಆಶ್ಲೇಷದ ಮಳೆಯಲ್ಲಿ, ಆಗಸ್ಟ್ ಮೊದಲ ವಾರ, ಊರಿಗೆ ಹೋದೆ. ಹೋದದ್ದು ಜಮೀನಿನ ಒಂದು ಕಾಗದದ ಕೆಲಸಕ್ಕೆ. ತಾಯಿಯವರನ್ನು ನೋಡಲೆಂದು ಹೋದೆ ಎಂದು ಬರೆದುಕೊಂಡರೆ ಈ ಲೇಖನ ಚೆನ್ನಾಗಿ ಕಾಣಬಹುದು, ಆದರೆ ಅದು ಸತ್ಯವಲ್ಲ. ನಡುಮನೆಯ ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಮೇ ತಿಂಗಳಿನಲ್ಲಿ ಸರಿಯಾಗಿದ್ದ ರವಿಕೆಯ ತೋಳು ಸಡಿಲವಾಗಿ ಜೋಲುತ್ತಿತ್ತು. ಜಪದ ಸರ ಮೊಳೆಗೆ ನೇತಾಡುತ್ತಿತ್ತು, ಮಣಿಗಳ ಮೇಲೆ ಬೂಷ್ಟು ಹಿಡಿದಿತ್ತು. ಅದನ್ನು ಕಂಡಾಗ ನನಗೆ ಮೊದಲ ಬಾರಿ ಅನುಮಾನವಾಯಿತು. ವೈರಾಗ್ಯ ಬಂದವರು ಜಪವನ್ನು ಬಿಡುತ್ತಾರೆಯೇ?

ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡೆ. ಬಹಳ ಹೊತ್ತಿನ ಮೇಲೆ ಅವರು, ‘ಈ ಮಳೆ ಮುಗಿಯೋದ್ರೊಳಗೆ ನಾನೇ ಮುಗಿದ್ರೆ ನಿಮಗೆಲ್ಲ ಹಗುರ, ಮಗಾ’ ಎಂದರು. ಅಳಲಿಲ್ಲ. ಬಚ್ಚಲೊಲೆಗೆ ಸೌದೆ ಮುಗಿದಿದೆ ಎಂದು ಹೇಳುವ ದನಿಯಲ್ಲಿಯೇ ಹೇಳಿದರು.

ಮಾರನೆಯ ದಿನವೇ ಶಿವಮೊಗ್ಗೆಗೆ ಕರೆದುಕೊಂಡು ಹೋದೆವು. ನಾವು ಕಂಡ ವೈದ್ಯರು ವಯಸ್ಸಿನಲ್ಲಿ ಕಿರಿಯರು, ಆದರೆ ಸಾವಧಾನಿ. ‘ಏನಾಗುತ್ತೆ ಅಜ್ಜಿ?’ ಎಂದು ಕೇಳಿದಾಗ ತಾಯಿಯವರು ಮಂಡಿನೋವು, ಹೊಟ್ಟೆ ಕೇಳುವುದಿಲ್ಲ, ನಿದ್ದೆ ಬರುವುದಿಲ್ಲ ಎಂದರು. ಬೇಸರವೆಂಬ ಮಾತನ್ನು ಆಡಲೇ ಇಲ್ಲ. ವೈದ್ಯರು ಅಷ್ಟಕ್ಕೆ ಬಿಡದೆ ಬೇರೆ ಕೆಲವು ಪ್ರಶ್ನೆಗಳನ್ನು ಹಾಕಿದರು. ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸಗಳನ್ನು ಬಿಟ್ಟಿದ್ದೀರಾ? ಹೊರಗೆ ಹೋಗುವುದಕ್ಕಿಂತ ಮನೆಯಲ್ಲೇ ಇರೋಣ ಅನಿಸುತ್ತದೆಯೇ? ನಾನು ಯಾರಿಗೂ ಬೇಡವಾದೆ ಅನಿಸುತ್ತದೆಯೇ? ಈ ಬಗೆಯ ಪ್ರಶ್ನಾವಳಿಯೊಂದನ್ನು ವೃದ್ಧರಿಗೆಂದೇ 1980ರ ದಶಕದಲ್ಲಿ ಅಮೆರಿಕದಲ್ಲಿ ಸಿದ್ಧಪಡಿಸಿದರೆಂದೂ, ಅದರಲ್ಲಿ ಹಸಿವು ನಿದ್ದೆಗಳ ವಿಚಾರವನ್ನು ಬೇಕೆಂದೇ ಬದಿಗಿಟ್ಟಿದ್ದಾರೆಂದೂ ಆಮೇಲೆ ತಿಳಿದೆ. ಮುಪ್ಪಿನಲ್ಲಿ ಅವೆರಡೂ ಹೇಗಿದ್ದರೂ ಕೆಡುತ್ತವೆ, ಆದುದರಿಂದ ಅವುಗಳಿಂದ ಮನಸ್ಸಿನ ಸ್ಥಿತಿಯನ್ನು ಅಳೆಯುವಂತಿಲ್ಲ. ತಾಯಿಯವರು ಹೆಚ್ಚಿನ ಪ್ರಶ್ನೆಗಳಿಗೆ ‘ಹೌದು’ ಎಂದು ತಲೆಯಾಡಿಸಿದರು. ರಕ್ತಪರೀಕ್ಷೆಯಲ್ಲಿ ಥೈರಾಯಿಡ್ ಸರಿಯಾಗಿತ್ತು, ಬಿ-12 ಜೀವಸತ್ವ ಬಹಳ ಕಡಿಮೆಯಿತ್ತು. ಸಸ್ಯಾಹಾರದಲ್ಲಿ ಅದು ಹಾಲು ಮೊಸರುಗಳಿಂದ ಅಷ್ಟಿಷ್ಟು ಬರಬೇಕು. ವಯಸ್ಸಾದಂತೆ ದೇಹವು ಅದನ್ನು ಹೀರಿಕೊಳ್ಳುವ ಶಕ್ತಿಯೂ ತಗ್ಗುತ್ತದೆ. ಅದರ ಕೊರತೆಯೂ ಮನಸ್ಸನ್ನು ಕುಗ್ಗಿಸಬಲ್ಲದು. ಎಲ್ಲವನ್ನೂ ನೋಡಿ ವೈದ್ಯರು, ‘ಇದು ಖಿನ್ನತೆ. ವಯಸ್ಸಾದುದರ ಸಹಜ ಲಕ್ಷಣವಲ್ಲ, ಕಾಯಿಲೆ. ವಾಸಿ ಮಾಡಬಹುದು’ ಎಂದರು. ಹಿಂದಿನ ವರ್ಷಗಳಲ್ಲಿಯೂ ಹೀಗೆ ಆಗಿತ್ತೇ ಎಂದು ಕೇಳಿದರು. ನಾನು ತಮ್ಮನ ಮುಖ ನೋಡಿದೆ. ‘ಮಳೆಗಾಲದಲ್ಲಿ ಅಮ್ಮ ಯಾವಾಗಲೂ ಸ್ವಲ್ಪ ಮಂಕು. ದೀಪಾವಳಿ ಹೊತ್ತಿಗೆ ಸರಿಹೋಗ್ತಾರೆ’ ಎಂದ ಅವನು. ಅಂದರೆ ವರ್ಷವರ್ಷವೂ ಕಣ್ಣೆದುರಿಗೆ ನಡೆಯುತ್ತಿದ್ದುದಕ್ಕೆ ನಾವು ಹೆಸರಿಟ್ಟಿರಲಿಲ್ಲ.

ಋತುವಿಗೂ ಮನಸ್ಸಿಗೂ ಇರುವ ಈ ನಂಟಿಗೆ ವೈದ್ಯಕೀಯದಲ್ಲಿ ಹೆಸರು ಬಂದದ್ದು 1984ರಲ್ಲಿ. ದಕ್ಷಿಣ ಆಫ್ರಿಕದ ಬಿಸಿಲಿನ ನಾಡಿನಿಂದ ಅಮೆರಿಕಕ್ಕೆ ಹೋಗಿ ನೆಲಸಿದ ನಾರ್ಮನ್ ರೋಸೆಂಥಾಲ್ ಎಂಬ ಮನೋವೈದ್ಯರು, ಚಳಿಗಾಲ ಬಂದೊಡನೆ ಕುಗ್ಗಿ ವಸಂತದಲ್ಲಿ ಚೇತರಿಸಿಕೊಳ್ಳುವ ರೋಗಿಗಳನ್ನು ತಮ್ಮ ಸಹೋದ್ಯೋಗಿಗಳೊಡನೆ ಅಭ್ಯಸಿಸಿ ಅದನ್ನು ಪ್ರಕಟಿಸಿದರು. ಬೇಸಿಗೆಯಲ್ಲಿ ಕುಗ್ಗುವವರೂ ಇದ್ದಾರೆಂದು ಮುಂದೆ ಗುರುತಿಸಲಾಯಿತು. ಇದನ್ನು ಓದಿದಾಗ ನನಗೆ ಒಂದು ಶಂಕೆ ಬಂತು. ನಾರ್ವೆಯ ಓಸ್ಲೋ ನಗರದಲ್ಲಿ ಡಿಸೆಂಬರಿನ ಹಗಲು 6 ಗಂಟೆಯೂ ತುಂಬದು. ಅಲ್ಲಿ ಹಾಗಾದರೆ ಆಶ್ಚರ್ಯವಿಲ್ಲ. ನಮ್ಮ ಮಲೆನಾಡಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಮೇಲಾಗಿ ವರ್ಷದ ಅತಿ ಉದ್ದದ ಹಗಲು, ಜೂನ್ 21, ಬರುವುದೇ ಮಳೆ ಹಿಡಿದ ಮೇಲೆ. ಹಗಲಿನ ಅಳತೆಯಿಂದ ನೋಡಿದರೆ ನಮ್ಮಲ್ಲಿ ಆಷಾಢದಲ್ಲಿ ಮನಸ್ಸು ಅರಳಬೇಕು!

ಎಣಿಸಬೇಕಾದದ್ದು ಗಂಟೆಗಳನ್ನಲ್ಲ, ಕಣ್ಣಿಗೆ ಬಿದ್ದ ಬೆಳಕನ್ನು. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನೆತ್ತಿಯ ಬಿಸಿಲಿನಲ್ಲಿ ಅದು 1,00,000ದವರೆಗೆ ಇರುತ್ತದೆ. ಮೋಡ ಮುಸುಕಿದ ದಿನವೂ ಬಯಲಿನಲ್ಲಿ ಸಾವಿರಾರು ಲಕ್ಸ್ ಇರುವುದುಂಟು. ಆದರೆ ಒಂದು ದೀಪವಿರುವ ಸಾಧಾರಣ ಕೋಣೆಯಲ್ಲಿ ನೂರರ ಆಸುಪಾಸು ಮಾತ್ರ. ವಿದ್ಯುತ್ತಿಲ್ಲದ, ತಟ್ಟಿ ಕಟ್ಟಿದ ನಡುಮನೆಯಲ್ಲಿ ಅದು ಎಷ್ಟಿರಬಹುದೆಂದು ಓದುಗರೇ ಊಹಿಸಬಹುದು. ವೃದ್ಧರ ವಿಷಯದಲ್ಲಿ ಇನ್ನೊಂದು ತೊಡಕಿದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಪಾಪೆ ಕಿರಿದಾಗುತ್ತದೆ. ಇಪ್ಪತ್ತರ ತರುಣನ ಅಕ್ಷಿಪಟಲವನ್ನು ಮುಟ್ಟುವ ಬೆಳಕಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ ಅರವತ್ತರವರ ಕಣ್ಣಿನೊಳಗೆ ತಲಪುತ್ತದೆ. ಒಂದೇ ಕೋಣೆಯಲ್ಲಿ ಕುಳಿತ ಮೊಮ್ಮಗನಿಗೆ ಮಬ್ಬಾದರೆ ಅಜ್ಜಿಗೆ ಕತ್ತಲೆ. ದೃಷ್ಟಿಗಲ್ಲದೆ, ಹೊತ್ತು ತಿಳಿಯುವುದಕ್ಕೆಂದೇ ಅಕ್ಷಿಪಟಲದಲ್ಲಿ ಬೇರೆ ಜೀವಕೋಶಗಳಿವೆ ಎಂಬುದು 2002ರ ಸುಮಾರಿಗೆ ಖಚಿತವಾಯಿತು. ಅವು ಮಿದುಳಿನೊಳಗಿನ ಗಡಿಯಾರಕ್ಕೆ ಬೆಳಗಾಯಿತೆಂದು ಸುದ್ದಿ ಮುಟ್ಟಿಸುತ್ತವೆ. ಆ ಸುದ್ದಿ ಸರಿಯಾಗಿ ಮುಟ್ಟದಿದ್ದರೆ ನಿದ್ದೆ, ಹಸಿವು, ಉತ್ಸಾಹಗಳು ತಾಳ ತಪ್ಪುತ್ತವೆ.

ಇಷ್ಟನ್ನು ಹೇಳಿ ಬೆಳಕೊಂದೇ ಕಾರಣವೆಂದರೆ ಅತಿಯಾದೀತು. ಬಿಸಿಲಿಲ್ಲದೆ ಡಿ ಜೀವಸತ್ವ ಕುಂದುತ್ತದೆ ನಿಜ; ಮೂಳೆಗೆ ಅದು ಬೇಕು. ಆದರೆ ಆ ಮಾತ್ರೆ ನುಂಗಿದ ಮಾತ್ರಕ್ಕೆ ಖಿನ್ನತೆ ತಪ್ಪುವುದಿಲ್ಲವೆಂದು 2020ರಲ್ಲಿ ಪ್ರಕಟವಾದ, ಐವತ್ತು ದಾಟಿದ 18,000ಕ್ಕೂ ಹೆಚ್ಚು ಮಂದಿಯ ಮೇಲೆ ಐದು ವರ್ಷ ನಡೆದ ಅಮೆರಿಕದ ಒಂದು ಪರೀಕ್ಷೆ ತೋರಿಸಿತು. ನನ್ನ ತಾಯಿಯವರ ವಿಷಯದಲ್ಲಿ ಕತ್ತಲೆ, ಕಿವಿ, ಮಂಡಿ, ಜಾರುವ ಅಂಗಳ, ಬಾರದ ನೆಂಟರು, ಬಿ-12 ಎಲ್ಲವೂ ಸೇರಿ ಹೆಣೆದುಕೊಂಡಿದ್ದವು. ಋತುವು ಈ ಎಲ್ಲವನ್ನೂ ಒಂದೇ ಸಮಯಕ್ಕೆ ತಂದಿಟ್ಟಿತು. ಇದು ಮಳೆಯ ನಾಡಿನ ಪಾಡು. ಕಲಬುರಗಿ, ರಾಯಚೂರುಗಳ ಕಡೆ ಬಿಸಿಲು ನಲವತ್ತು ಡಿಗ್ರಿ ದಾಟಿ ಹಿರಿಯರನ್ನು ಬೆಳಗ್ಗೆ ಹತ್ತಕ್ಕೇ ಒಳಗೆ ಕೂಡಿಹಾಕಿದಾಗ ವೈಶಾಖವೇ ಅಲ್ಲಿಯ ಆಷಾಢವಾಗುತ್ತದೆ.

ಈಗ ನನ್ನ ಹೆಮ್ಮೆಯ ವಿಷಯಕ್ಕೆ ಮರಳುತ್ತೇನೆ. ತ್ಯಾಗವನ್ನು ಗೌರವಿಸುವ ಮನೆತನಗಳಲ್ಲಿ ಹುಟ್ಟಿದ ನಮಗೆ ಒಂದು ವಿಶೇಷ ಅಪಾಯವಿದೆ. ಊಟ ಬಿಟ್ಟವರನ್ನು ಕಂಡರೆ ನಾವು ಮೊದಲು ಕೈಮುಗಿಯುತ್ತೇವೆ, ಏಕೆ ಬಿಟ್ಟರೆಂದು ಆಮೇಲೆ ಕೇಳುತ್ತೇವೆ, ಅಥವಾ ಕೇಳುವುದೇ ಇಲ್ಲ. ಶಾಸ್ತ್ರಕಾರರು ಈ ವಿಷಯದಲ್ಲಿ ನಮಗಿಂತ ಎಚ್ಚರದವರು. ಸಲ್ಲೇಖನದಂತಹ ಪರಮ ವ್ರತಕ್ಕೂ ತತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಮರಣಾಶಂಸೆ, ಅಂದರೆ ಸಾವು ಬೇಗ ಬರಲೆಂಬ ಬಯಕೆಯೂ ಒಂದು. ವೇದನೆಯಲ್ಲಿ ಮುಳುಗಿ ಅದನ್ನೇ ಚಿಂತಿಸುತ್ತಿರುವುದನ್ನು ಆರ್ತಧ್ಯಾನವೆಂದು ಕರೆದು, ಧರ್ಮಧ್ಯಾನದಿಂದ ಬೇರೆಯಾಗಿಟ್ಟಿದ್ದಾರೆ. ಹೊರಗಿನಿಂದ ನೋಡುವವರಿಗೆ ಎರಡರಲ್ಲಿಯೂ ಕಾಣುವುದು ಮುಚ್ಚಿದ ಬಾಯಿ, ಇಳಿದ ಊಟ. ಹತ್ತಿರ ಕುಳಿತವರಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ನಾನು ಹತ್ತಿರವಿರಲಿಲ್ಲ. ತಾಯಿಯವರ ಮೌನವನ್ನು ವೈರಾಗ್ಯವೆಂದು ಕರೆಯುವುದು ನನಗೆ ಅನುಕೂಲವಾಗಿತ್ತು ಎಂಬುದೂ ನಿಜ. ವೈರಾಗ್ಯಕ್ಕೆ ಮಗನು ರಜೆ ಹಾಕಿ ಊರಿಗೆ ಹೋಗಬೇಕಾದ ಅಗತ್ಯವಿಲ್ಲವಲ್ಲ.

ಔಷಧ ಪ್ರಾರಂಭವಾಯಿತು. ಬಿ-12 ಚುಚ್ಚುಮದ್ದು ಕೊಡಿಸಿದೆವು. ವೈದ್ಯರು ತಮ್ಮನಿಗೆ ಹೇಳಿದ ಮಾತೊಂದು ನನಗೆ ಹಿಡಿಸಿತು: ‘ಅಜ್ಜಿಯನ್ನು ಬೆಳಕಿರುವಲ್ಲಿ ಕೂರಿಸಿ, ಬೆಳಗಿನ ಹೊತ್ತು ಮುಖ್ಯ.’ ನಮ್ಮ ಮನೆಯ ಮಾಡಿನಲ್ಲಿ ತಂದೆಯವರ ಕಾಲದಲ್ಲಿ ಕೂರಿಸಿದ ಎರಡು ಗಾಜಿನ ಹೆಂಚುಗಳಿದ್ದವು. ಒಳಗಿನಿಂದ ಹೊಗೆಯ ಮಸಿ, ಹೊರಗಿನಿಂದ ಹಾವಸೆ ಹತ್ತಿ ಅವು ಮಣ್ಣಿನ ಹೆಂಚುಗಳಿಂದ ಬೇರೆಯಾಗಿ ಕಾಣುತ್ತಿರಲಿಲ್ಲ. ಮಳೆ ಬಿಟ್ಟ ಒಂದು ದಿನ ತಮ್ಮ ಏಣಿ ಹಾಕಿ ಅವನ್ನು ತೊಳೆದು, ಜಗಲಿಯ ಮೇಲಿನ ಮಾಡಿಗೆ ಇನ್ನೂ ನಾಲ್ಕನ್ನು ತಂದು ಕೂರಿಸಿದ. ಪೂರ್ವ ದಿಕ್ಕಿನ ತಟ್ಟಿಯನ್ನು ಬಿಚ್ಚಿ, ಅಲ್ಲಿ ಅಂಗಡಿಯಿಂದ ತಂದ ಬಿಳಿಯ ಪ್ಲಾಸ್ಟಿಕ್ ಹಾಳೆಯನ್ನು ಕಟ್ಟಿದ. ಮನೆಯ ಅಂದ ಕೆಟ್ಟಿತು, ಆದರೆ ಬೆಳಕು ಬಂತು. ನಡುಮನೆಯಿಂದ ಜಗಲಿಗೆ ಕುರ್ಚಿಯನ್ನು ಸಾಗಿಸಿದ್ದರಿಂದ ಇನ್ನೊಂದು ಲಾಭವಾಯಿತು. ತೋಟಕ್ಕೆ ಹೋಗುವ ಆಳುಗಳು ಗೊರಬನ್ನು ಕಳಚಿ ಎಲೆಯಡಿಕೆಗೆ ಕೂರುವುದು ಅಲ್ಲಿಯೇ. ಅವರು ಊರ ಸುದ್ದಿಯನ್ನು ತಾವಾಗಿ ಗಟ್ಟಿಯಾಗಿಯೇ ಆಡುವವರು, ಶ್ರವಣಯಂತ್ರದ ಹಂಗಿಲ್ಲ. ನಾನು ತಿಂಗಳಿಗೆ ಎರಡು ಸಲ ಹೋಗತೊಡಗಿದೆ. ಬಸ್ಸಿನಲ್ಲಿ ಬೈಯುತ್ತಲೇ ಹೋಗುತ್ತಿದ್ದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಹಸಿವು ಮರಳಲು ಆರು ವಾರಗಳಾದವು. ಭಾದ್ರಪದದ ದಶಲಕ್ಷಣ ಪರ್ವದ ದಿನಗಳಲ್ಲಿ ಅವರು ತಾವಾಗಿಯೇ ಜಪದ ಸರವನ್ನು ಇಳಿಸಿ, ಮಣಿಗಳನ್ನು ಒರೆಸಿಕೊಂಡರಂತೆ. ವೈದ್ಯರು ಬೇಡವೆಂದುದರಿಂದ ಆ ವರ್ಷ ಉಪವಾಸ ಮಾಡಲಿಲ್ಲ. ಅದಕ್ಕಾಗಿ ನನ್ನ ಮೇಲೆ ಬಹಳ ಸಿಟ್ಟಾದರು. ಅವರ ಸಿಟ್ಟನ್ನು ಅಷ್ಟು ಸಂತೋಷದಿಂದ ನಾನು ಹಿಂದೆ ಎಂದೂ ಕೇಳಿರಲಿಲ್ಲ.

ಮುಂದಿನ ಮಳೆಗಾಲಗಳೆಲ್ಲ ಹಗುರವಾಗಿದ್ದವೆಂದು ಹೇಳಲಾರೆ. 2014ರಲ್ಲಿ ಮತ್ತೆ ಕುಗ್ಗಿದರು, ಮತ್ತೆ ಔಷಧ ಬೇಕಾಯಿತು. ಆದರೆ ಮೇ ತಿಂಗಳಿನಲ್ಲಿಯೇ ಸೌದೆ ಒಟ್ಟುವಂತೆ, ಗಾಜಿನ ಹೆಂಚು ತೊಳೆಯುವುದು, ಬಿ-12 ನೋಡಿಸುವುದು, ಆಷಾಢದಲ್ಲಿ ಯಾರು ಯಾವಾಗ ಹೋಗಿ ನಾಲ್ಕು ದಿನ ಇರುವುದೆಂದು ಅಕ್ಕತಂಗಿಯರೊಡನೆ ಗೊತ್ತುಮಾಡಿಕೊಳ್ಳುವುದು ನಮಗೆ ರೂಢಿಯಾಯಿತು. ಮಳೆಗಾಲದಲ್ಲಿ ಮುನಿಗಳು ಒಂದೆಡೆ ನೆಲೆನಿಲ್ಲುವುದು ನೆಲದ ತುಂಬ ಹುಟ್ಟುವ ಸಣ್ಣ ಜೀವಗಳಿಗೆ ಕಾಲಿನಿಂದ ಹಿಂಸೆಯಾಗಬಾರದೆಂದು. ಅವರು ನಿಂತ ಊರಿನಲ್ಲಿ ನಾಲ್ಕು ತಿಂಗಳು ದಿನವೂ ಜನ ಕೂಡುತ್ತಾರೆ. ಹೀಗೆ ಮನೆಗಳು ಮುಚ್ಚಿಕೊಳ್ಳುವ ಕಾಲದಲ್ಲಿಯೇ ಬಸದಿಯ ಬಾಗಿಲು ಹೆಚ್ಚು ತೆರೆದಿರುತ್ತದೆ. ಆದರೆ ಅಲ್ಲಿಯವರೆಗೆ ನಡೆಯಲಾರದವರು ಪ್ರತಿ ಊರಿನಲ್ಲಿಯೂ ಇದ್ದಾರೆ. ವೈಯಾವೃತ್ಯವನ್ನು ಅಂತರಂಗ ತಪಸ್ಸುಗಳಲ್ಲಿ ಒಂದೆಂದು ಎಣಿಸಿದ ಸಮಾಜ ನಮ್ಮದು. ಪ್ರವಚನ ಮುಗಿದ ಮೇಲೆ ಇಬ್ಬರು ಕೊಡೆ ಹಿಡಿದು ಅಂಥವರ ಜಗಲಿಗೆ ಹೋಗಿ ಅರ್ಧ ಗಂಟೆ ಕುಳಿತು ಬರುವ ಏರ್ಪಾಟು ಎಷ್ಟು ಕಡೆ ಇದೆ? ನನ್ನ ತಾಯಿಯವರಲ್ಲಿಗೆ ಹಾಗೆ ಯಾರೂ ಬರಲಿಲ್ಲವೆಂಬುದು ದೂರಲ್ಲ. ಬೇರೆಯವರ ತಾಯಿಯರಲ್ಲಿಗೆ ನಾನೂ ಹೋಗಿರಲಿಲ್ಲ.

ತಾಯಿಯವರು 2018ರ ಫಾಲ್ಗುಣದಲ್ಲಿ, ಬಿಸಿಲಿನ ದಿನಗಳಲ್ಲಿ, ಅದೇ ಜಗಲಿಯಲ್ಲಿ ತೀರಿಕೊಂಡರು. ನಿವೃತ್ತಿಯ ಬಳಿಕ ನಾನು ಊರಿನ ಮನೆಗೇ ಬಂದು ನೆಲೆಸಿದ್ದೇನೆ. ಈಗ ನನಗೆ ಎಪ್ಪತ್ತು. ಕಳೆದ ಪುನರ್ವಸು ಮಳೆಯಲ್ಲಿ, ಹತ್ತು ದಿನ ಸೂರ್ಯನ ಮುಖ ಕಾಣದಿದ್ದಾಗ, ಮಧ್ಯಾಹ್ನ ಪುಸ್ತಕ ತೆರೆದರೆ ಓದಬೇಕೆನಿಸುತ್ತಿರಲಿಲ್ಲ. ಸಂಜೆಯ ಊಟ ಇಂದು ಬೇಡವೆನಿಸಿತು. ಇದೇನು ಸಂಯಮವೇ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಆ ರಾತ್ರಿ ಬೆಂಗಳೂರಿನಿಂದ ಮಗಳು ಫೋನು ಮಾಡಿ, ‘ಹೇಗಿದ್ದೀರಿ ಅಪ್ಪ?’ ಎಂದಳು. ‘ಏನೂ ಇಲ್ಲ ಮಗಳೇ, ಎಲ್ಲ ಹಾಗೇ ಇದೆ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ‘ಒಂದು ವಾರದಿಂದ ಮನಸ್ಸು ಚೆನ್ನಾಗಿಲ್ಲ. ಬಿಡುವಾದರೆ ಬಾ’ ಎಂದೆ. ಅತ್ತ ಕಡೆ ಒಂದು ಕ್ಷಣ ಸದ್ದಿರಲಿಲ್ಲ. ಶನಿವಾರದ ರಾತ್ರಿ ಬಸ್ಸಿಗೆ ಸೀಟು ಸಿಗುತ್ತದೆಯೇ ನೋಡುತ್ತೇನೆ ಎಂದಳು.